ಹಬ್ಬದ ಮನೆಗೂ ಸಾವಿನ ಮನೆಗೂ ಕ್ಯಾಸರೋಲ್

1913ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನಲ್ಲಿ ಬೆಸ್ಸಿ ಲಿಟಲ್‌ಟನ್ ಅವರ ಕ್ಯಾಸರೋಲ್ ಪಾತ್ರೆ ಓವನ್ನಿನ ಕಾವಿಗೆ ಬಿರುಕುಬಿಟ್ಟಿತು. ಪತಿ ಜೆಸ್ಸಿ ಅಲ್ಲಿನ ಗಾಜಿನ ಕಾರ್ಖಾನೆಯಲ್ಲಿ ಭೌತವಿಜ್ಞಾನಿ. ಬ್ಯಾಟರಿಗೆಂದು ಮಾಡಿದ್ದ ಗಟ್ಟಿ ಗಾಜಿನ ಜಾಡಿಯನ್ನು ಕೊಯ್ದು, ತಳದ ಭಾಗವನ್ನು ಮನೆಗೆ ತಂದುಕೊಟ್ಟರು. ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿದರು. ಗಾಜು ಒಡೆಯಲಿಲ್ಲ, ಕೇಕೂ ಹದವಾಗಿ ಬೆಂದಿತ್ತು. 1915ರಲ್ಲಿ ಇಂಥ ಗಾಜಿನ ಪಾತ್ರೆ ‘ಪೈರೆಕ್ಸ್’ ಹೆಸರಿನಲ್ಲಿ ಅಂಗಡಿಗೆ ಬಂತು. ಬೇಯಿಸಿದ ಪಾತ್ರೆಯನ್ನೇ ಊಟದ ಮೇಜಿಗೆ ಇಡಬಹುದು, ಹಾಗೆಯೇ ಎತ್ತಿಕೊಂಡು ನೆರೆಮನೆಗೂ ಹೋಗಬಹುದು.

ಪಾತ್ರೆಯಾಯಿತು, ಇನ್ನು ಡಬ್ಬಿ. ಕ್ಯಾಂಪ್‌ಬೆಲ್ ಕಂಪನಿಯ ರಸಾಯನಶಾಸ್ತ್ರಜ್ಞ ಜಾನ್ ಡೊರಾನ್ಸ್ 1897ರಲ್ಲೇ ನೀರಿನಂಶ ತೆಗೆದ ಗಟ್ಟಿ ಸೂಪನ್ನು ರೂಪಿಸಿದ್ದರು. 1934ರಲ್ಲಿ ಅದೇ ಕಂಪನಿಯ ಅಣಬೆ ಸೂಪು ಬಂದಮೇಲೆ, ಬಿಳಿ ಸಾಸಿನ ಬದಲು ಅದನ್ನೇ ಸುರಿಯಬಹುದಾಗಿ, ಮನೆಯವರ ಕೆಲಸ ಹಗುರವಾಯಿತು. ಅಲ್ಲಿಯವರೆಗೆ ಬಿಳಿ ಸಾಸ್ ಬೇಕೆಂದರೆ ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲೆರೆದು, ಗಂಟಾಗದಂತೆ ಕೈಯಾಡಿಸುತ್ತಲೇ ನಿಲ್ಲಬೇಕಿತ್ತು. ಆಗ ಆರ್ಥಿಕ ಕುಸಿತದ ಕಾಲ ಬೇರೆ. ಇದ್ದ ತುಸು ಮಾಂಸವನ್ನು ನೂಡಲ್ಸ್, ತರಕಾರಿಯೊಡನೆ ಬೆರೆಸಿ ಮನೆಮಂದಿಗೆಲ್ಲ ಸಾಲಿಸುವ ದಾರಿ ಅನೇಕರಿಗೆ ಬೇಕಾಗಿತ್ತು.

ಹೀಗೆ ಒಂದೇ ಪಾತ್ರೆಯಲ್ಲಿ ಬೆರೆಸಿ ಓವನ್ನಿನಲ್ಲಿ ಬೇಯಿಸುವ ಅಡುಗೆಗೂ ಕ್ಯಾಸರೋಲ್ ಎಂದೇ ಹೆಸರು. ಇವುಗಳಲ್ಲೆಲ್ಲ ಹೆಸರಾದದ್ದು ಬೀನ್ಸ್ ಕ್ಯಾಸರೋಲ್. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ, ಕ್ಯಾಂಪ್‌ಬೆಲ್‌ನ ಪ್ರಯೋಗದ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಮತ್ತು ಅವರ ತಂಡ ಇದನ್ನು ಸಿದ್ಧಪಡಿಸಿತು. ಎಲ್ಲರ ಮನೆಯಲ್ಲೂ ಸಿಗುವ ಸಾಮಾನಿನಿಂದಲೇ ಆಗಬೇಕು ಎಂಬುದು ಷರತ್ತು. ಬೇಯಿಸಿದ ಬೀನ್ಸಿಗೆ ಒಂದು ಡಬ್ಬಿ ಅಣಬೆ ಸೂಪು, ಅರ್ಧ ಕಪ್ ಹಾಲು, ಒಂದು ಚಮಚ ಸೋಯಾ ಸಾಸ್, ಚಿಟಿಕೆ ಕಾಳುಮೆಣಸಿನ ಪುಡಿ, ಒಂದಿಷ್ಟು ಕರಿದ ಈರುಳ್ಳಿ. ಎಲ್ಲ ಕಲಸಿ 25 ನಿಮಿಷ ಓವನ್ನಿನಲ್ಲಿಟ್ಟರೆ ಅಂಚಿನಲ್ಲಿ ಕುದಿ ಬರುತ್ತದೆ. ಆಗ ಉಳಿದ ಈರುಳ್ಳಿ ಉದುರಿಸಿ ಇನ್ನೈದು ನಿಮಿಷ ಇಡಬೇಕು. ಈ ಕೊನೆಯ ಐದು ನಿಮಿಷದಲ್ಲೇ ಅದರ ರುಚಿಯ ಗುಟ್ಟಿದೆ: ಕೆಳಗೆ ಮೆತ್ತಗೆ, ಮೇಲೆ ಗರಿಗರಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ಇದು ಕಾಯಂ ಆಯಿತು. 2002ರಲ್ಲಿ ರೈಲಿಯವರ ಮೂಲ ಪಾಕವಿಧಾನದ ಚೀಟಿ ಓಹಾಯೋದ ಆಕ್ರಾನ್‌ನಲ್ಲಿದ್ದ ಆವಿಷ್ಕಾರಕರ ಸಂಗ್ರಹಾಲಯ ಸೇರಿತು. 2018ರಲ್ಲಿ, 92ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಡಬ್ಬಿ ಮಾರಲು ಹುಟ್ಟಿದ ಅಡುಗೆ ಎಂದು ಇದನ್ನು ಹಳಿಯುವವರಿದ್ದಾರೆ. ಹುಟ್ಟು ಹಾಗೆಯೇ, ನಿಜ. ಆದರೆ ಜಾಹೀರಾತೊಂದರ ಬಲದಿಂದ ಯಾವ ಅಡುಗೆಯೂ ಮೂರು ತಲೆಮಾರು ಉಳಿಯುವುದಿಲ್ಲ. ಕ್ಯಾಸರೋಲನ್ನು ಉಳಿಸಿದವರು ಚರ್ಚಿನ ಹೆಂಗಸರು. ಮಿನೆಸೋಟಾದಲ್ಲಿ ಇದಕ್ಕೆ ‘ಹಾಟ್‌ಡಿಶ್’ ಎಂದೇ ಹೆಸರು. ಮ್ಯಾಂಕೇಟೋ ಊರಿನ ಲೂಥರನ್ ಚರ್ಚಿನ ಮಹಿಳೆಯರು 1930ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿ ಅದರ ವಿಧಾನವಿದೆ. ಕೀಮಾ, ಮ್ಯಾಕರೋನಿ, ಬಟಾಣಿ, ಟೊಮ್ಯಾಟೊ ಸೂಪು ಮುಂತಾದವು ಅದರಲ್ಲಿವೆ. ಚರ್ಚಿನ ನೆಲಮಾಳಿಗೆಯ ಸಾಮೂಹಿಕ ಊಟಕ್ಕೆ ಮನೆಗೊಂದರಂತೆ ಇಂಥ ಪಾತ್ರೆಗಳು ಬರುತ್ತವೆ. ಯಾರದೆಂದು ತಿಳಿಯಲು ತಳಕ್ಕೆ ಹೆಸರು ಬರೆದ ಅಂಟುಪಟ್ಟಿ.

ಯೂಟಾದ ಮಾರ್ಮನ್ ಪಂಥದವರಲ್ಲಿ ಇದು ಇನ್ನೂ ಆಪ್ತ. ಮಣ್ಣು ಮುಗಿಸಿ ಬಂದವರಿಗೆ ಸಾವಿನ ಮನೆಯವರು ಒಲೆ ಹಚ್ಚುವಂತಾಗಬಾರದೆಂದು ಸಮುದಾಯದ ಮಹಿಳಾ ಸಂಘದವರೇ ಅಡುಗೆ ಮಾಡಿ ಬಡಿಸುತ್ತಾರೆ. ತುರಿದ ಆಲೂಗಡ್ಡೆ, ಚೀಸ್, ಹುಳಿಕೆನೆ, ಡಬ್ಬಿ ಸೂಪು, ಮೇಲೆ ಬೆಣ್ಣೆಯಲ್ಲಿ ಹೊರಳಿಸಿದ ಕಾರ್ನ್‌ಫ್ಲೇಕ್ಸ್ ಸೇರಿದ ಕ್ಯಾಸರೋಲ್ ಅಲ್ಲಿ ಇರಲೇಬೇಕು. ಅದರ ಹೆಸರೇ ‘ಫ್ಯೂನರಲ್ ಪೊಟೇಟೋಸ್’. ಹೆಸರು ಶವಸಂಸ್ಕಾರದ್ದಾದರೂ ಯೂಟಾದವರಿಗೆ ಅದರಲ್ಲಿ ಅಪಶಕುನ ಕಾಣಲಿಲ್ಲ. ಈಸ್ಟರ್ ಹಬ್ಬಕ್ಕೂ ಅದನ್ನೇ ಮಾಡುತ್ತಾರೆ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಈ ಆಲೂಗಡ್ಡೆಯ ಚಿತ್ರವಿದ್ದ ಪಿನ್ನುಗಳನ್ನೂ ಜನ ಕೊಂಡು ಕೋಟಿಗೆ ಚುಚ್ಚಿಕೊಂಡರು.