ಖಾಲಿ ಡಬ್ಬಿಯ ಬೆಲೆ

ಮುಂಬೈಗೆ ಹೊಸದಾಗಿ ಬಂದ ಕನ್ನಡಿಗರ ಬಗ್ಗೆ ಇಲ್ಲಿಯ ಹಳಬರು ಹೇಳುವ ಒಂದು ತಮಾಷೆ ಇದೆ. ಬೆಳಗ್ಗೆ ಬೀದಿಯಲ್ಲಿ ‘ಭಂಗಾರ್‌ವಾಲಾ’ ಎಂಬ ಕೂಗು ಕೇಳುತ್ತದೆ. ಈ ಊರಿನಲ್ಲಿ ಬಂಗಾರವನ್ನೂ ಕೈಗಾಡಿಯಲ್ಲಿ ಮಾರುತ್ತಾರಲ್ಲ ಎಂದು ಹೊಸಬ ಬಾಲ್ಕನಿಗೆ ಓಡುತ್ತಾನೆ. ಕೆಳಗೆ ನೋಡಿದರೆ ಹಳೆ ಪೇಪರು, ತಗಡು, ರಟ್ಟಿನ ಪೆಟ್ಟಿಗೆ. ಮರಾಠಿ, ಹಿಂದಿಗಳಲ್ಲಿ ಭಂಗಾರ್ ಎಂದರೆ ಗುಜರಿ. ಒಂದು ಮಹಾಪ್ರಾಣದ ವ್ಯತ್ಯಾಸ, ಅಷ್ಟೆ.

ನಾನಿರುವ ಖಾರಘರದಲ್ಲಿ ಆ ಕೈಗಾಡಿಯಲ್ಲಿ ಈಗ ಮುಕ್ಕಾಲು ಪಾಲು ರಟ್ಟಿನ ಪೆಟ್ಟಿಗೆಗಳೇ. ನಮ್ಮ ಸೊಸೈಟಿಯ ಗೇಟಿನ ಪಕ್ಕ ದಿನಾ ಸಂಜೆ ಅವುಗಳ ಗುಡ್ಡೆ ಬೀಳುತ್ತದೆ. ಮೊಬೈಲ್ ಕವರಿಗೆ ಒಂದು ಪೆಟ್ಟಿಗೆ, ಶಾಂಪೂವಿಗೆ ಒಂದು, ಚಪ್ಪಲಿಯ ಪೆಟ್ಟಿಗೆಯನ್ನು ಒಳಗಿಟ್ಟುಕೊಂಡ ಇನ್ನೊಂದು. ಎರಡು ತಲೆಮಾರಿನ ಹಿಂದೆ ಇಂಥ ಗಟ್ಟಿ ಪೆಟ್ಟಿಗೆಯನ್ನು ಯಾರೂ ಗೇಟಿನ ಹೊರಗೆ ಇಡುತ್ತಿರಲಿಲ್ಲ. ಆಗಿನವರು ಬಡವರಾಗಿದ್ದರು, ಅದಕ್ಕೆ ಕೂಡಿಡುತ್ತಿದ್ದರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಪೂರ್ತಿ ನಿಜವಲ್ಲ. ಆಗ ಖಾಲಿ ಪೆಟ್ಟಿಗೆಗೆ ಒಂದು ಬೆಲೆ ಇತ್ತು, ಮತ್ತು ಆ ಬೆಲೆ ಎಲ್ಲರಿಗೂ ಗೊತ್ತಿತ್ತು.

ಬಾರದಾನ

ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಹೋದರೆ ‘ಬಾರದಾನ’ ಎಂಬ ಮಾತು ಕಿವಿಗೆ ಬೀಳುತ್ತದೆ. ಸರಕು ತುಂಬುವ ಚೀಲ, ಪೆಟ್ಟಿಗೆ, ಡಬ್ಬಿಗಳಿಗೆ ಅದೇ ಹೆಸರು. ಪಾರ್ಸಿಯಲ್ಲಿ ‘ಬಾರ್’ ಎಂದರೆ ಹೊರೆ, ‘ದಾನ್’ ಎಂದರೆ ಇಡುವ ಪಾತ್ರೆ. ಅತ್ತರದಾನಿ, ಪಿಕದಾನಿಗಳಲ್ಲಿರುವುದು ಇದೇ ದಾನಿ. ಸರಕಿನ ತೂಕದಿಂದ ಪ್ಯಾಕಿಂಗಿನ ತೂಕವನ್ನು ಕಳೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಟೇರ್’ ಎನ್ನುತ್ತಾರೆ. ಅದರ ಮೂಲ ಅರಬ್ಬಿಯಲ್ಲಿ, ‘ಎಸೆಯುವಂಥದ್ದು’ ಎಂಬ ಅರ್ಥದ ಪದದಲ್ಲಿದೆ. ಒಂದೇ ವಸ್ತುವನ್ನು ಒಬ್ಬರು ಹೊರೆ ಹೊರುವ ಪಾತ್ರೆ ಎಂದರು, ಇನ್ನೊಬ್ಬರು ಎಸೆಯುವ ಸಾಮಾನು ಎಂದರು.

ಬಾರದಾನಗಳಲ್ಲಿ ಹಿರಿಯದು ಗೋಣಿ. ಇಂಗ್ಲಿಷಿನ ‘ಗನ್ನಿ’ ಹುಟ್ಟಿದ್ದು ನಮ್ಮ ಗೋಣಿಯಿಂದಲೇ. 1855ರಲ್ಲಿ ಕಲ್ಕತ್ತದ ಬಳಿಯ ರಿಷ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾದ ಮೇಲೆ ಗೋಣಿಚೀಲ ಕೈಮಗ್ಗದಿಂದ ಯಂತ್ರಕ್ಕೆ ಹೋಯಿತು, ಲೋಕವೆಲ್ಲ ತಿರುಗಿತು. ಮಂಡಿಯ ಲೆಕ್ಕದಲ್ಲಿ ಕಾಳಿನ ತೂಕ ಬೇರೆ, ಗೋಣಿಯ ತೂಕ ಬೇರೆ. ಚೀಲ ವಾಪಸ್ಸೋ, ದುಡ್ಡಿಗೋ ಎಂಬುದೂ ವ್ಯಾಪಾರದ ಮಾತೇ ಆಗಿತ್ತು. ಹರಿದ ಮೇಲೂ ಅದಕ್ಕೆ ಕೆಲಸ ತಪ್ಪುತ್ತಿರಲಿಲ್ಲ. ಮಲೆನಾಡಿನ ಗದ್ದೆಯಲ್ಲಿ ತಲೆಯ ಮೇಲಿನ ಕೊಪ್ಪೆ, ಮನೆಬಾಗಿಲಲ್ಲಿ ಕಾಲೊರಸು, ಕೊಟ್ಟಿಗೆಯಲ್ಲಿ ಚಳಿಗೆ ಹೊದಿಕೆ, ಮುಂಬೈಯ ಜೋಪಡಿಯಲ್ಲಿ ಬಾಗಿಲ ಪರದೆ. ಪ್ಲಾಸ್ಟಿಕ್ ಚೀಲ ಬಂದು ಗೋಣಿಯನ್ನು ನುಂಗುವಂತಾದಾಗ ಸರ್ಕಾರ 1987ರಲ್ಲಿ ಕಾಯಿದೆಯನ್ನೇ ತಂದು, ಕೆಲವು ಸರಕುಗಳನ್ನು ಸೆಣಬಿನ ಚೀಲದಲ್ಲೇ ತುಂಬಬೇಕು ಎಂದು ವಿಧಿಸಿತು. ಪಡಿತರದ ಅಕ್ಕಿ ಇಂದಿಗೂ ಗೋಣಿಯಲ್ಲಿ ಕಾಣಿಸುವುದು ಅದರಿಂದ.

ಎಣ್ಣೆಗಿಂತ ಡಬ್ಬಿ ಮೇಲು

ಖಾಲಿ ಡಬ್ಬಿಯ ಬೆಲೆ ಎಷ್ಟಿತ್ತು ಎನ್ನುವುದಕ್ಕೆ ಸೀಮೆಎಣ್ಣೆಯ ಕಥೆಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಏಷ್ಯಾಕ್ಕೆ ಸೀಮೆಎಣ್ಣೆ ಕಳಿಸುತ್ತಿದ್ದದ್ದು ಚೌಕ ತಗಡಿನ ಡಬ್ಬಿಗಳಲ್ಲಿ. ಒಂದರಲ್ಲಿ ಸುಮಾರು ಹದಿನೆಂಟು ಲೀಟರ್. ಎರಡು ಡಬ್ಬಿ ಸೇರಿ ಒಂದು ಮರದ ಪೆಟ್ಟಿಗೆ. ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್ ಈ ಖರ್ಚು ಉಳಿಸುವ ಲೆಕ್ಕ ಹಾಕಿದ. ಡಬ್ಬಿಯೂ ಬೇಡ, ಪೆಟ್ಟಿಗೆಯೂ ಬೇಡ, ಹಡಗಿನ ಹೊಟ್ಟೆಗೇ ಎಣ್ಣೆ ತುಂಬಿ ಒಯ್ದರೆ ಅಗ್ಗವಾಗುತ್ತದೆ. 1892ರಲ್ಲಿ ಅವನ ‘ಮ್ಯೂರೆಕ್ಸ್’ ಹಡಗು ರಷ್ಯಾದ ಎಣ್ಣೆ ತುಂಬಿಕೊಂಡು ಸೂಯೆಜ್ ಕಾಲುವೆ ದಾಟಿತು. ಅವನ ಕಂಪನಿಯೇ ಮುಂದೆ ‘ಶೆಲ್’ ಆಯಿತು.

ಎಣ್ಣೆ ಬಂತು, ಅಗ್ಗವಾಗಿಯೂ ಇತ್ತು. ಆದರೆ ಕೊಳ್ಳುವವರು ಬರಲಿಲ್ಲ. ಜನ ತಮ್ಮದೇ ಪಾತ್ರೆ ತಂದು ತುಂಬಿಸಿಕೊಳ್ಳುತ್ತಾರೆ ಎಂದು ಸ್ಯಾಮ್ಯುಯೆಲ್ ಎಣಿಸಿದ್ದ. ಜನರಿಗೋ ಸ್ಟ್ಯಾಂಡರ್ಡ್ ಕಂಪನಿಯ ನೀಲಿ ಡಬ್ಬಿಯೇ ಬೇಕಿತ್ತು. ಎಣ್ಣೆ ಉರಿದು ಮುಗಿಯುತ್ತದೆ, ಡಬ್ಬಿ ಉಳಿಯುತ್ತದೆ. ಅಡ್ಡಕ್ಕೆ ಒಂದು ಮರದ ತುಂಡು ಹೊಡೆದರೆ ನೀರಿನ ಕೊಡ, ಬಿಡಿಸಿ ಹಾಸಿದರೆ ಮಾಡಿಗೆ ತಗಡು, ಮುಚ್ಚಳ ಕತ್ತರಿಸಿದರೆ ಅಕ್ಕಿಯ ಡಬ್ಬ, ಓರೆಯಾಗಿ ಕೊಯ್ದರೆ ಮೊರ. ಸ್ಯಾಮ್ಯುಯೆಲ್ ಕೊನೆಗೆ ತಗಡು ತರಿಸಿ ಬಂದರುಗಳಲ್ಲೇ ಡಬ್ಬಿ ಮಾಡಿಸಬೇಕಾಯಿತು. ಎದುರಾಳಿಯದು ನೀಲಿ ಎಂದು ತನ್ನದಕ್ಕೆ ಕೆಂಪು ಬಣ್ಣ ಬಳಿಸಿದ. ಪ್ಯಾಕಿಂಗನ್ನು ಉಳಿಸಲು ಹೊರಟವನಿಗೆ, ಗಿರಾಕಿ ಕೊಳ್ಳುತ್ತಿದ್ದದ್ದು ಅರ್ಧ ಪ್ಯಾಕಿಂಗನ್ನೇ ಎಂಬುದು ತಡವಾಗಿ ತಿಳಿಯಿತು.

ಅದೇ ಚೌಕ ಡಬ್ಬಿಯ ವಂಶ ನಮ್ಮಲ್ಲಿ ಇನ್ನೂ ಇದೆ. ಉಡುಪಿ ಹೋಟೆಲಿನ ಅಡುಗೆಮನೆಗೆ ಬರುವ ಹದಿನೈದು ಕಿಲೋ ಎಣ್ಣೆ ಟಿನ್ನು ಅದೇ ಮನೆತನದ್ದು. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳು ಗಾಳಿ ತೆಗೆದು ಕಾರ್ಬನ್ ಡೈಆಕ್ಸೈಡ್ ತುಂಬಿ, ಬೆಸುಗೆ ಹಾಕಿ ಪರದೇಶಕ್ಕೆ ಕಳಿಸುತ್ತಿದ್ದ ಡಬ್ಬಿಯಲ್ಲಿ 25 ಪೌಂಡು ತಿರುಳು ಹಿಡಿಸುತ್ತಿತ್ತು. ಈಗ ಡಬ್ಬಿಯ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಬಂದಿದೆ. ಆದರೂ ಗೇರು ರಫ್ತಿನಲ್ಲಿ 11.34 ಕಿಲೋ ಎಂಬ ವಿಚಿತ್ರ ಅಳತೆ ಉಳಿದುಕೊಂಡಿದೆ. ಅದು ಆ ಹಳೆಯ 25 ಪೌಂಡೇ. ಇನ್ನು 1937ರಲ್ಲಿ ಬಂದ ಡಾಲ್ಡಾದ ಹಳದಿ ಡಬ್ಬಿಯನ್ನು ನಾನು ವಿವರಿಸಬೇಕಿಲ್ಲ. ಅದರಲ್ಲಿ ತುಳಸಿ ಬೆಳೆದದ್ದನ್ನು ಈ ಪತ್ರ ಓದುತ್ತಿರುವ ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ.

ಪೇಟಿ, ಖೋಕಾ

ಏಪ್ರಿಲ್ ಬಂತೆಂದರೆ ದೇವಗಡ, ರತ್ನಾಗಿರಿಗಳ ಆಪೂಸು ಹೊತ್ತ ಲಾರಿಗಳು ಪನವೇಲ್ ದಾಟಿ, ನಮ್ಮ ಖಾರಘರದ ಮುಂದಿನ ಹೆದ್ದಾರಿಯಲ್ಲಿ ವಾಶಿಗೆ ಹೋಗುತ್ತವೆ. ಹಣ್ಣಿನ ಸಗಟು ವ್ಯಾಪಾರ 1990ರ ದಶಕದಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನಿಂದ ವಾಶಿಗೆ ಬಂದಿತು. ಹಿಂದೆ ಆಪೂಸು ಬರುತ್ತಿದ್ದದ್ದು ಮರದ ಪಟ್ಟಿಗಳ ಪೇಟಿಯಲ್ಲಿ, ಭತ್ತದ ಹುಲ್ಲಿನ ಹಾಸಿನ ಮೇಲೆ. ಹಣ್ಣು ಮುಗಿದ ಮೇಲೆ ಪೇಟಿ ಮೆಟ್ಟಿಲ ಕೆಳಗಿನ ಕಪಾಟಾಗುತ್ತಿತ್ತು, ಅಂಗಡಿಯವನ ಕುರ್ಚಿಯಾಗುತ್ತಿತ್ತು, ಕೊನೆಗೆ ಬಚ್ಚಲೊಲೆಗೆ ಸೌದೆ. ಈಗ ಬಹುಪಾಲು ರಟ್ಟಿನ ಪೆಟ್ಟಿಗೆ. ಆದರೂ ವ್ಯಾಪಾರಿಯ ಬಾಯಲ್ಲಿ ಅದು ಪೇಟಿಯೇ.

ಪೆಟ್ಟಿಗೆಯ ಹೆಸರು ಈ ಊರಿನ ಬಾಯಲ್ಲಿ ಎಲ್ಲಿಯವರೆಗೆ ಹೋಯಿತೆಂದರೆ, ಮುಂಬೈಯ ಆಡುಮಾತಿನಲ್ಲಿ ‘ಒಂದು ಪೇಟಿ’ ಎಂದರೆ ಒಂದು ಲಕ್ಷ ರೂಪಾಯಿ, ‘ಒಂದು ಖೋಕಾ’ ಎಂದರೆ ಒಂದು ಕೋಟಿ. ಖೋಕಾ ಎಂದರೂ ಪೆಟ್ಟಿಗೆಯೇ. ದುಡ್ಡಿನ ಲೆಕ್ಕವನ್ನೂ ಬಾರದಾನದಲ್ಲಿ ಹೇಳುವ ಪಟ್ಟಣ ಇದು.

ಟೋಪಿಯಿಂದ ಬಂದ ರಟ್ಟು

ರಟ್ಟಿನ ಪೆಟ್ಟಿಗೆಯ ಒಳಗೆ ಅಲೆಯಲೆಯಾದ ಕಾಗದ ಇರುತ್ತದಲ್ಲ, ಅದು ಮೊದಲು ಹುಟ್ಟಿದ್ದು ಟೋಪಿಗಾಗಿ. 1856ರಲ್ಲಿ ಇಂಗ್ಲೆಂಡಿನಲ್ಲಿ ಹೀಲಿ ಮತ್ತು ಅಲೆನ್ ಎಂಬಿಬ್ಬರು ಎತ್ತರದ ಟೋಪಿಗಳ ಒಳಪದರಕ್ಕೆಂದು ನೆರಿಗೆ ಕಾಗದದ ಪೇಟೆಂಟ್ ಪಡೆದರು. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಬಾಟಲಿ, ಲಾಟೀನಿನ ಗಾಜುಗಳಿಗೆ ಸುತ್ತುವುದಕ್ಕೆ ಬಳಸಿದ. 1874ರಲ್ಲಿ ಆಲಿವರ್ ಲಾಂಗ್ ನೆರಿಗೆ ಬಿಡಿಸಿಕೊಳ್ಳದಂತೆ ಅದಕ್ಕೆ ಹಾಳೆ ಅಂಟಿಸಿದ. ಎರಡು ಹಾಳೆಗಳ ನಡುವೆ ಒಂದು ನೆರಿಗೆ ಇದ್ದರೆ ಇಂದು ಪೇಟೆಯಲ್ಲಿ ಮೂರು ಪ್ಲೈ ಎನ್ನುತ್ತಾರೆ, ಎರಡು ನೆರಿಗೆಗೆ ಐದು ಪ್ಲೈ. ಹಗುರ, ಗಟ್ಟಿ, ಮಡಚಿಟ್ಟರೆ ಜಾಗ ತಿನ್ನುವುದಿಲ್ಲ. ಮರದ ಪೆಟ್ಟಿಗೆಗೆ ಇದರೆದುರು ನಿಲ್ಲಲಾಗಲಿಲ್ಲ.

ಮರಕ್ಕೆ ಎರಡನೆಯ ಪೆಟ್ಟು ಕೊಟ್ಟದ್ದು ಕಂಟೇನರು. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನನ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರುಗಳನ್ನು ಹೊತ್ತು ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಕಬ್ಬಿಣದ ದೊಡ್ಡ ಪೆಟ್ಟಿಗೆಯೇ ಪೆಟ್ಟು ತಾಳುವಾಗ ಒಳಗಿನ ಚಿಕ್ಕ ಪೆಟ್ಟಿಗೆ ಅಷ್ಟು ಗಟ್ಟಿ ಇರಬೇಕಿಲ್ಲ. ನಮ್ಮ ಕಡೆಗೆ ಆ ಯುಗ ಬಂದದ್ದು 1989ರಲ್ಲಿ, ಜವಾಹರಲಾಲ್ ನೆಹರೂ ಬಂದರು ನ್ಹಾವಾ ಶೇವಾದಲ್ಲಿ ಶುರುವಾದಾಗ. ಮುಂಬೈಯ ಹಳೆ ಗೋದಿಗಳ ಕೆಲಸ ಕೊಲ್ಲಿಯ ಈಚೆಗೆ ದಾಟಿತು. ಖಾರಘರದ ನೆರೆಯ ಕಳಂಬೋಲಿ, ತಳೋಜಾಗಳ ರಸ್ತೆಗಳಲ್ಲಿ ಕಂಟೇನರ್ ಲಾರಿಗಳ ಸಾಲು ಕಾಣುವುದು ಅದರಿಂದಲೇ. ಹಳತಾದ ಕಂಟೇನರು ಕಟ್ಟಡದ ಸೈಟಿನಲ್ಲಿ ಇಂಜಿನಿಯರನ ಆಫೀಸಾಗುತ್ತದೆ. ಸರಕಿನ ಅಡಿಯಲ್ಲಿಡುವ ಮರದ ಪ್ಯಾಲೆಟ್ಟು ಸೋಫಾ, ಮಂಚ, ಕೆಫೆಯ ಬೆಂಚು ಆಗುತ್ತದೆ. ಪ್ಯಾಲೆಟ್ ಕೊಳ್ಳುವವರಿಗೆ ಒಂದು ಮಾತು: 2002ರ ಅಂತರರಾಷ್ಟ್ರೀಯ ನಿಯಮದಂತೆ ರಫ್ತಿನ ಮರಕ್ಕೆ ಹುಳ ಸಾಯಿಸುವ ಉಪಚಾರ ಆಗಿರಬೇಕು, ಅದರ ಮುದ್ರೆಯೂ ಇರಬೇಕು. ಮುದ್ರೆಯಲ್ಲಿ ಎಚ್‌ಟಿ ಎಂಬ ಅಕ್ಷರಗಳಿದ್ದರೆ ಮರವನ್ನು ಕಾಯಿಸಿದ್ದಾರೆ, ಮನೆಗೆ ತರಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಬಿಟ್ಟುಬಿಡಿ.

ಗಾಳಿಗೆ ಬಾಡಿಗೆ

ಕಳೆದ ಮಳೆಗಾಲದ ಮೊದಲು ಊರಿಗೆ ಒಂದಿಷ್ಟು ಪುಸ್ತಕ, ಬಟ್ಟೆ ಕಳಿಸಬೇಕಿತ್ತು. ಮನೆಗೆ ಬಂದಿದ್ದ ಒಂದು ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ ಕೊರಿಯರ್ ಅಂಗಡಿಗೆ ಒಯ್ದೆ. ತೂಕ ಎರಡು ಕಿಲೋ. ಬಿಲ್ಲು ಐದೂವರೆ ಕಿಲೋದ್ದು. ಕೇಳಿದರೆ ಹುಡುಗ ಟೇಪು ಹಿಡಿದು ತೋರಿಸಿದ. ಉದ್ದ, ಅಗಲ, ಎತ್ತರ ಮೂರೂ ಮೂವತ್ತು ಸೆಂಟಿಮೀಟರು. ಗುಣಿಸಿ 5000ದಿಂದ ಭಾಗಿಸಿದರೆ 5.4 ಕಿಲೋ. ನಿಜವಾದ ತೂಕ, ಗಾತ್ರದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ದುಡ್ಡು. ನಾನು ಪುಸ್ತಕದ ಜೊತೆ ಖಾರಘರದ ಗಾಳಿಯನ್ನೂ ಬಾಡಿಗೆ ಕೊಟ್ಟು ಊರಿಗೆ ಕಳಿಸುತ್ತಿದ್ದೆ.

ಅಲ್ಲೇ ನಿಂತು ಪೆಟ್ಟಿಗೆಯ ನಾಲ್ಕು ಮೂಲೆಗಳನ್ನು ಪುಸ್ತಕದ ಎತ್ತರಕ್ಕೆ ಸೀಳಿ, ಹೆಚ್ಚಾದ ರಟ್ಟನ್ನು ಒಳಕ್ಕೆ ಮಡಚಿ ಟೇಪು ಹಾಕಿದೆ. ಎತ್ತರ ಹನ್ನೆರಡು ಸೆಂಟಿಮೀಟರಿಗೆ ಇಳಿಯಿತು, ಗಾತ್ರದ ತೂಕ 2.16 ಕಿಲೋಗೆ ಬಂತು. ಖರ್ಚಾದದ್ದು ಹತ್ತು ನಿಮಿಷ. ಆ ದಿನದಿಂದ ನಮ್ಮ ಮನೆಯಲ್ಲಿ ಬೇರೆಬೇರೆ ಅಳತೆಯ ಐದಾರು ಪೆಟ್ಟಿಗೆಗಳು ಮಡಚಿಕೊಂಡು ಮಂಚದ ಕೆಳಗೆ ಇರುತ್ತವೆ. ಬಬಲ್ ಹಾಳೆಯ ಬದಲು ಮುದ್ದೆ ಮಾಡಿದ ಹಳೆ ಪೇಪರು. ಮಳೆಯಲ್ಲಿ ನೆಂದ ಪೆಟ್ಟಿಗೆಯನ್ನು ಮಾತ್ರ ಮತ್ತೆ ಬಳಸುವುದಿಲ್ಲ. ಒಣಗಿದರೂ ಅದರ ನೆರಿಗೆಗೆ ಮೊದಲಿನ ಬಲ ಬರುವುದಿಲ್ಲ. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಥರ್ಮಾಕೋಲನ್ನು ನಿಷೇಧಿಸಿದ ಮೇಲೆ ನಮ್ಮ ಗಣಪತಿಯ ಮಖರವೂ ರಟ್ಟಿನದ್ದೇ. ಟಿವಿಯ ಪೆಟ್ಟಿಗೆ ಒಂದಿದ್ದರೆ ಕಮಾನು, ಕಂಬ ಎರಡೂ ಆಗುತ್ತವೆ.

ಉಳಿತಾಯಕ್ಕೂ ಒಂದು ಗೆರೆ ಇದೆ. ಒಮ್ಮೆ ಬಳಸಿದ ತಗಡಿನ ಡಬ್ಬಿಗೆ ಮತ್ತೆ ಅಡುಗೆ ಎಣ್ಣೆ ತುಂಬಿ ಮಾರುವುದನ್ನು ಆಹಾರ ಸುರಕ್ಷತೆಯ ನಿಯಮ ತಡೆಯುತ್ತದೆ. ಅದು ಸರಿಯೇ.

ಒಳಗು ಹೊರಗಾದ ಪೆಟ್ಟಿಗೆ

ನಮ್ಮ ಗೇಟಿನ ಪೆಟ್ಟಿಗೆಗಳಂಥವನ್ನು ಇಂದಿಗೂ ಬಾರದಾನವೆಂದೇ ನೋಡುವ ಜಾಗ ಧಾರಾವಿಯ ಹದಿಮೂರನೇ ಕಾಂಪೌಂಡಿನ ಸುತ್ತಮುತ್ತ ಇದೆ. ಅಲ್ಲಿ ಎಣ್ಣೆಯ ಟಿನ್ನುಗಳನ್ನು ಬಿಸಿನೀರಿನಲ್ಲಿ ತೊಳೆದು, ಸುತ್ತಿಗೆಯಿಂದ ನೆಗ್ಗು ತೆಗೆಯುತ್ತಾರೆ. ರಟ್ಟಿನ ಪೆಟ್ಟಿಗೆಯ ಜೋಡಣೆ ಬಿಚ್ಚಿ, ಹರಿದ ಅಂಚು ಕತ್ತರಿಸಿ, ಹಳೆ ಅಂಗಡಿಯ ಹೆಸರು ಒಳಗೆ ಹೋಗುವಂತೆ ತಿರುಗಿಸಿ ಮತ್ತೆ ಪಿನ್ನು ಹೊಡೆಯುತ್ತಾರೆ. ಹೊಸ ಪೆಟ್ಟಿಗೆ ಸಿದ್ಧ. ಯಾವುದನ್ನು ತಿರುಗಿಸಬಹುದು, ಯಾವುದನ್ನು ಕಾಗದದ ಗಿರಣಿಗೆ ಕಳಿಸಬೇಕು ಎಂಬುದನ್ನು ಕೈಯಲ್ಲಿ ಒತ್ತಿ ನೋಡಿಯೇ ಹೇಳುತ್ತಾರೆ. ಈಗ ಧಾರಾವಿಯ ಪುನರಭಿವೃದ್ಧಿ ನಡೆದಿದೆ. ಅಲ್ಲಿಯವರಿಗೆ ಒಳ್ಳೆಯ ಮನೆ ಸಿಗಲೇಬೇಕು. ಜೊತೆಗೆ, ನೆಲಮಹಡಿಯಲ್ಲಿ ಟಿನ್ನು ಬಡಿಯುವ, ಪೆಟ್ಟಿಗೆ ಬಿಚ್ಚುವ ಈ ಕಸುಬಿಗೆ ಹೊಸ ಎತ್ತರದ ಕಟ್ಟಡಗಳಲ್ಲಿ ಜಾಗವೆಲ್ಲಿ ಎಂಬ ಪ್ರಶ್ನೆಯೂ ಇದೆ.

‘ಫ್ರೀ ಡೆಲಿವರಿ’ ಎಂದು ಬರುವ ಪೆಟ್ಟಿಗೆ ಫ್ರೀ ಅಲ್ಲ. ಅದರ ಬೆಲೆ ಸರಕಿನ ಬೆಲೆಯೊಳಗೆ ಸೇರಿಕೊಂಡಿದೆ, ನಮಗೆ ಕಾಣುವುದಿಲ್ಲ ಅಷ್ಟೆ. ಮಂಡಿಯಲ್ಲಿ ಗೋಣಿಗೆ ಬೇರೆ ಲೆಕ್ಕವಿದ್ದಾಗ ಅದು ಹರಿಯುವವರೆಗೂ ದುಡಿಯುತ್ತಿತ್ತು. ನಾವು ಆ ಲೆಕ್ಕ ಬಿಟ್ಟೆವು, ಭಂಗಾರ್‌ವಾಲಾ ಬಿಡಲಿಲ್ಲ.

ಹೋದ ಭಾನುವಾರ ಮಂಚದ ಕೆಳಗಿನಿಂದ ಹೆಚ್ಚಾದ ಎರಡು ಪೆಟ್ಟಿಗೆಗಳನ್ನು ಅವನಿಗೆ ಕೊಟ್ಟೆ. ಒಂದನ್ನು ಮೂಲೆ ಹಿಡಿದು ಒತ್ತಿ ನೋಡಿ ಗಾಡಿಯ ಮೇಲೆ ಹಾಕಿದ. ಇನ್ನೊಂದನ್ನು ನನ್ನ ಕೈಗೇ ವಾಪಸ್ಸು ಕೊಟ್ಟು, ‘ಇದು ಐದು ಪ್ಲೈ, ಇಟ್ಟುಕೊಳ್ಳಿ, ಇನ್ನೂ ಎರಡು ಸಲ ಬರುತ್ತದೆ’ ಎಂದು ಹಿಂದಿಯಲ್ಲಿ ಹೇಳಿ ಮುಂದಿನ ಬೀದಿಗೆ ಹೋದ.