ಸುಣ್ಣಕಲ್ಲಿನ ಚಿಪ್ಪುಗಳೂ ಹವ್ಯಾಸಿ ಸಂಗ್ರಾಹಕರೂ

ಲಿಖಿತ ದಾಖಲೆಗಳಿಲ್ಲದ ಕಾಲದ ಚರಿತ್ರೆಗೆ ಕಲ್ಲೇ ಕಡತ. ಆ ಕಡತವನ್ನು ಮೊದಲು ಬಿಚ್ಚಿದವರೆಲ್ಲರೂ ವೃತ್ತಿಯಿಂದ ವಿಜ್ಞಾನಿಗಳಾಗಿರಲಿಲ್ಲವೆಂಬುದಕ್ಕೆ ದಕ್ಷಿಣ ಭಾರತದಲ್ಲಿಯೇ ಉತ್ತಮ ನಿದರ್ಶನವುಂಟು. ಮದರಾಸು ಆಡಳಿತ ಸೇವೆಯ ಅಧಿಕಾರಿಗಳಾಗಿದ್ದ ಕೇ ಮತ್ತು ಕನ್‌ಲಿಫ್ ಎಂಬವರು 1840ರ ಸುಮಾರಿನಲ್ಲಿ ಪುದುಚೇರಿ, ವೃದ್ಧಾಚಲ, ತಿರುಚಿರಾಪಳ್ಳಿ ಪ್ರಾಂತಗಳಲ್ಲಿ ಕಡಲಜೀವಿಗಳ ಪಳೆಯುಳಿಕೆಗಳನ್ನು ಸಂಗ್ರಹಿಸಿದರು. ಇಂಗ್ಲೆಂಡಿನಲ್ಲಿ ಅವುಗಳನ್ನು ಪರೀಕ್ಷಿಸಿದ ಎಡ್ವರ್ಡ್ ಫೋರ್ಬ್ಸ್, 1846ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ, ಅವು ಕ್ರಿಟೇಷಿಯಸ್ ಯುಗದವೆಂದು ನಿರ್ಣಯಿಸಿದರು. ಇಂದು ಒಣನೆಲವಾಗಿರುವ ಆ ಸೀಮೆಯು ಒಮ್ಮೆ ಕಡಲಾಗಿತ್ತೆಂಬುದು ಹೀಗೆ ವಿದ್ವಲ್ಲೋಕಕ್ಕೆ ತಿಳಿಯಿತು.

ಇಂತಹ ಚಿಪ್ಪುಗಳನ್ನು ಗುರುತಿಸಲು ಬೇಕಾದುದು ಒಂದು ಭೂತಗನ್ನಡಿ ಮತ್ತು ತಾಳ್ಮೆ. ಕಪ್ಪೆಚಿಪ್ಪಿನ ಎರಡು ಕವಾಟಗಳು ಸಾಮಾನ್ಯವಾಗಿ ಒಂದಕ್ಕೊಂದು ಪ್ರತಿಬಿಂಬದಂತಿರುತ್ತವೆ. ಬ್ರಾಕಿಯೋಪಾಡಿನಲ್ಲಾದರೋ ಒಂದೊಂದು ಕವಾಟವೇ ನಡುಗೆರೆಯ ಎಡಬಲಗಳಲ್ಲಿ ಸಮವಾಗಿರುತ್ತದೆ. ಸುರುಳಿಚಿಪ್ಪಿನ ಒಳಗೋಡೆಗಳು ಹೊರಕವಚವನ್ನು ಕೂಡುವ ಗೆರೆ ಸರಳವಾಗಿದ್ದರೆ ನಾಟಿಲಸ್ಸೆಂದೂ, ಎಲೆಯಂಚಿನಂತೆ ಕವಲೊಡೆದಿದ್ದರೆ ಅಮ್ಮೊನೈಟೆಂದೂ ತಿಳಿಯಬಹುದು. ಗಂಡಕೀ ನದಿಯ ಸಾಲಿಗ್ರಾಮಗಳಲ್ಲಿ ಕಾಣುವ ಸುರುಳಿಯೂ ಅಮ್ಮೊನೈಟಿನದೇ. ಸುಣ್ಣಕಲ್ಲಿನ ಪರೀಕ್ಷೆಗೆ ಆಮ್ಲದ ಹನಿಯನ್ನು ಬಳಸುವುದುಂಟು. ಆದರೆ ಚಿಪ್ಪೂ ಬಹುಮಟ್ಟಿಗೆ ಅದೇ ದ್ರವ್ಯದಿಂದಾದುದರಿಂದ ಅದರ ಮೇಲೆ ಆಮ್ಲವನ್ನು ಹಾಕಲಾಗದು.

ಆದರೆ ಹೆಸರು ತಿಳಿದಮಾತ್ರಕ್ಕೆ ಕಾಲ ಸ್ಥಿರಪಡುವುದಿಲ್ಲ. ಚಿಪ್ಪುಗಳ ಹೋಲಿಕೆಯನ್ನೇ ಆಧರಿಸಿ ಫೋರ್ಬ್ಸ್ ಅವರು ಪುದುಚೇರಿಯ ಪದರಗಳು ಉಳಿದವುಗಳಿಗಿಂತ ಪ್ರಾಚೀನವೆಂದು ಭಾವಿಸಿದರು. ಅನಂತರ ಎಚ್. ಎಫ್. ಬ್ಲಾನ್‌ಫರ್ಡ್ ನೆಲವನ್ನೇ ನಡೆದು ನೋಡಿ, ತಿರುಚಿರಾಪಳ್ಳಿ ಸೀಮೆಯ ಶಿಲೆಗಳನ್ನು ಉಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂಬ ಮೂರು ಸಮೂಹಗಳಾಗಿ ವಿಂಗಡಿಸಿದರು. ಸ್ಟೋಲಿಚ್ಕಾ ಅವರು 1873ರ ವೇಳೆಗೆ ಇಲ್ಲಿಯ ಜೀವಿಗಳ ಬೃಹತ್ ವರ್ಣನೆಯನ್ನು ಮುಗಿಸಿದರು. ಪುದುಚೇರಿಯ ಪದರಗಳು ಪ್ರಾಚೀನವಲ್ಲ, ಕಿರಿಯವಾದ ಅರಿಯಲೂರು ಸಮೂಹಕ್ಕೆ ಸರಿಹೊಂದುವುವೆಂಬುದು ವ್ಯಕ್ತವಾದುದು 1890ರ ದಶಕದಲ್ಲಿ, ಕೋಸ್‌ಮಾಟ್ ಅವರ ಪರಿಶೀಲನೆಯಿಂದ.

ಇತಿಹಾಸದ ವಿದ್ಯಾರ್ಥಿಗೆ ಇದು ಅಪರಿಚಿತ ಸಮಸ್ಯೆಯಲ್ಲ. ಮೂಲಸ್ಥಾನ ತಿಳಿಯದ ಶಾಸನವು ಅಕ್ಷರಗಳನ್ನು ಉಳಿಸಿಕೊಂಡರೂ ಸಾಕ್ಷ್ಯಬಲವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಪದರ ತಿಳಿಯದ ಚಿಪ್ಪಿನ ಗತಿಯೂ ಅದೇ. ಅರಿಯಲೂರಿನ ಸುಣ್ಣಕಲ್ಲು ಸಿಮೆಂಟಿಗಾಗಿ ಅಗೆಯಲ್ಪಡುತ್ತಿರುವಾಗ ಈ ಎಚ್ಚರ ಮತ್ತಷ್ಟು ಅಗತ್ಯ. ಆದುದರಿಂದ ಹವ್ಯಾಸಿಯು, ಅಪ್ಪಣೆಯಿರುವೆಡೆಯಲ್ಲಿ ಮಾತ್ರ ಆಯ್ದು, ಊರು, ಪದರ, ದಿನಾಂಕಗಳನ್ನು ಸ್ಥಳದಲ್ಲಿಯೇ ಬರೆದಿಡತಕ್ಕದ್ದು. ಹೆಸರನ್ನು ಮುಂದಿನವರು ತಿದ್ದಬಲ್ಲರು. ಬರೆಯದೆ ಬಿಟ್ಟ ಸ್ಥಳವನ್ನು ಯಾರೂ ತುಂಬಿಕೊಡಲಾರರು.