ಹಿರಿಯರಿಗೆ ಹಿತವಾದ ಉಪನಗರ

ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಹಿರಿಯಸ್ನೇಹಿ ನಗರಗಳ ಕುರಿತು ಮಾರ್ಗದರ್ಶಿಯನ್ನು ಪ್ರಕಟಿಸಿತು. ನವದೆಹಲಿ, ಉದಯಪುರ ಸೇರಿದಂತೆ 33 ನಗರಗಳ ಹಿರಿಯರು ಹಾಗೂ ಅವರ ಆರೈಕೆ ಮಾಡುವವರೊಂದಿಗೆ ನಡೆಸಿದ ಸಂವಾದವೇ ಇದಕ್ಕೆ ಆಧಾರ. ಹೊರಾಂಗಣ ಮತ್ತು ಕಟ್ಟಡ, ಸಾರಿಗೆ, ವಸತಿ, ಸಾಮಾಜಿಕ ಬೆರೆಯುವಿಕೆ, ಗೌರವ, ಉದ್ಯೋಗ ಮತ್ತು ನಾಗರಿಕ ಪಾತ್ರ, ಮಾಹಿತಿ, ಆರೋಗ್ಯ ಸೇವೆ ಎಂಬ 8 ಅಂಶಗಳನ್ನು ಅದು ಗುರುತಿಸುತ್ತದೆ.

ಉಪನಗರಗಳಲ್ಲಿ ಮನೆ ದೊಡ್ಡದಿದ್ದರೂ ಅಂಗಡಿ, ಆಸ್ಪತ್ರೆ, ಬಸ್ ನಿಲ್ದಾಣ ಹಲವೊಮ್ಮೆ ದೂರ. ವಾಹನ ಓಡಿಸಲಾಗದ ದಿನದಿಂದ ಹಿರಿಯರು ಮನೆಯೊಳಗೇ ಉಳಿಯಬೇಕಾಗುತ್ತದೆ. ಮಕ್ಕಳು ಗಲ್ಫ್‌ನಲ್ಲಿರುವ ನಮ್ಮ ಕರಾವಳಿಯ ಎಷ್ಟೋ ಮನೆಗಳ ಪರಿಸ್ಥಿತಿಯೂ ಇದೇ. ಆದುದರಿಂದ ಸಮತಟ್ಟಾದ ಕಾಲುದಾರಿ, ದಣಿದಾಗ ಕುಳಿತುಕೊಳ್ಳಲು ಬೆಂಚು, ತಗ್ಗು ಮೆಟ್ಟಿಲಿನ ಬಸ್ಸು, ಸ್ವಚ್ಛ ಶೌಚಾಲಯ ಮೊದಲ ಅಗತ್ಯಗಳು. ಇವೆಲ್ಲ ಇದ್ದೂ, ಬಾಗಿಲು ತಟ್ಟಿ ವಿಚಾರಿಸುವ ನೆರೆಯವರಿಲ್ಲದಿದ್ದರೆ ಊರು ಹಿರಿಯರದ್ದಾಗದು. ಮಾಹಿತಿ, ನೆರವಿಗೆ ಹಿರಿಯರ ರಾಷ್ಟ್ರೀಯ ಉಚಿತ ಸಹಾಯವಾಣಿ: 14567.